ಒಂದು ‘ಹೂಂ’

ತೊಡೆಯ ಮೇಲಿನ ಸ್ಟೀಲ್ ಡಬ್ಬಿ ಬಸ್ಸು ಕುಲುಕಿದಾಗಲೆಲ್ಲ ಹೊಟ್ಟೆಗೆ ಒತ್ತುತ್ತಿತ್ತು. ಐವತ್ತೆರಡು ವರ್ಷದ ಅಂಜಿನಮೂರ್ತಿ, ಶಿರಾದ ಕಾಲೇಜೊಂದರ ಕನ್ನಡ ಮೇಷ್ಟ್ರು, ಸುತ್ತಲ ನಾಲ್ಕು ತಾಲ್ಲೂಕಿನ ಶಾಲೆಗಳಲ್ಲಿ ಭಾಷಣಕ್ಕೆ ಹೆಸರು ಮಾಡಿದವನು, ಅವ್ವ ಕಟ್ಟಿಕೊಟ್ಟ ರೊಟ್ಟಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಾವಗಡದ ಬಸ್ಸಿನಲ್ಲಿ ಕೂತಿದ್ದ. ಬ್ಯಾಗಿಗೆ ಹಾಕಿಕೊಳ್ಳಬಹುದಿತ್ತು, ಹಾಕಿಕೊಂಡಿರಲಿಲ್ಲ. ಬೆಳಿಗ್ಗೆ ‘ಇವತ್ತ್ಯಾವೂರಾಗ್ಲಾ ನಿನ್ ಭಾಸಣ?’ ಅಂತ ಅವ್ವ ಹೊನ್ನಕ್ಕ ಕೇಳಿದಾಗ ಪಾವಗಡ ಅಂದಿದ್ದರೆ ಮುಗಿದುಹೋಗುತ್ತಿತ್ತು. ಯಾವ ದೇವರು ಬಾಯಿಗೆ ಬಂದು ಕೂತನೋ, ಕ್ಯಾತಗಾನಚೆರ್ಲು ಅಂದುಬಿಟ್ಟ. ಎಪ್ಪತ್ತಾರರ ಮುದುಕಿಗೆ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದದ್ದು ಕೇಳುವುದಿಲ್ಲ, ಆ ಊರಿನ ಹೆಸರಿಗೆ ಮಾತ್ರ ಕಿವಿ ಚುರುಕು. ಒಳಗೆ ಹೋದಳು, ರೊಟ್ಟಿ ತಟ್ಟಿದಳು, ಹುಚ್ಚೆಳ್ಳು ಚಟ್ನಿ ಹಾಕಿ ಡಬ್ಬಿ ಮುಚ್ಚಿದಳು. ‘ಆ ಊರಾಗೆ ಒಂದ್ ತೊಟ್ಟು ನೀರ್ ಮುಟ್‌ಬ್ಯಾಡ ಕಣ್ಲಾ. ಅವಳಿನ್ನೂ ಬದುಕವ್ಳೋ ಏನೋ. ಮುಟ್ಟಿದ್ರೆ ನನ್ ಮ್ಯಾಗಾಣೆ ಐತೆ.’ ಅವಳು ಅಂದರೆ ಯಾರು ಅಂತ ಅವನು ಕೇಳಲಿಲ್ಲ. ನಲವತ್ತಮೂರು ವರ್ಷದಿಂದ ಆ ಮನೆಯಲ್ಲಿ ಅವಳು ಅಂದರೆ ಒಬ್ಬಳೇ.

ಕಿಟಕಿಯಾಚೆ ಬೀಳುನೆಲ ಸರಿಯುತ್ತಿತ್ತು. ಅಂಜಿನಮೂರ್ತಿ ಭಾಷಣವನ್ನು ಮನಸ್ಸಿನಲ್ಲೇ ಒಂದು ಸಲ ಓಡಿಸಿ ನೋಡಿದ. ಓಡಿಸಬೇಕಾಗಿಯೇ ಇರಲಿಲ್ಲ, ಇನ್ನೂರು ಸಲ ಹೇಳಿದ ಕಥೆ, ನಾಲಿಗೆಯೇ ದಾರಿ ಹಿಡಿದು ಹೋಗುತ್ತಿತ್ತು. ಅಪ್ಪ ಓಬಯ್ಯ ಮಂದೆ ಹೊಡೆದುಕೊಂಡು ಹೊರಗೆ ಹೋಗಿದ್ದಾನೆ. ಅವ್ವ ಹೆರಿಗೆಗೆ ತೌರಿಗೆ ಹೋಗಿದ್ದಾಳೆ. ಒಂಬತ್ತು ವರ್ಷದ ಹುಡುಗನನ್ನು ಇಪ್ಪತ್ತು ದಿನದ ಮಟ್ಟಿಗೆ ಒಬ್ಬ ನೆಂಟರ ಮನೆಯಲ್ಲಿ ಬಿಟ್ಟಿದ್ದಾರೆ. ಆ ಮನೆಯಾಕೆ ಗಂಗಳಕ್ಕೆ ಒಂದು ಮುದ್ದೆ ಹಾಕುತ್ತಾಳೆ. ಹುಡುಗ ತಿಂದು ಮುಗಿಸುತ್ತಾನೆ. ಪಾತ್ರೆಯಲ್ಲಿ ಇನ್ನೂ ಮುದ್ದೆಯಿದೆ, ಹೊಗೆಯಾಡುತ್ತಿದೆ. ಆಕೆ ಕೇಳುತ್ತಾಳೆ, ‘ಸಾಲ್ದಾ?’ ಹುಡುಗ ನಾಚಿಕೊಂಡು ‘ಹೂಂ’ ಅನ್ನುತ್ತಾನೆ. ಅಂದ ಕೂಡಲೇ ಆಕೆ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಇಲ್ಲಿ ಅಂಜಿನಮೂರ್ತಿ ಸುಮ್ಮನಾಗುತ್ತಿದ್ದ. ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದೂ ಅವನಿಗೆ ರೂಢಿಯಾಗಿತ್ತು. ಹಿಂದಿನ ಸಾಲಿನಲ್ಲಿ ಯಾರಾದರೂ ಮೂಗು ಒರೆಸಿಕೊಂಡ ಮೇಲೆ, ‘ಮಕ್ಕಳೇ, ಆ ಹಸಿವೇ ನನ್ನನ್ನು ಓದಿಸಿತು’ ಅನ್ನುತ್ತಿದ್ದ. ಚಪ್ಪಾಳೆ. ಹೆಸರು ಹೇಳುತ್ತಿರಲಿಲ್ಲ, ಅಷ್ಟು ಮರ್ಯಾದೆ ತನ್ನಲ್ಲಿದೆ ಅಂತ ಒಳಗೊಳಗೇ ಮೆಚ್ಚಿಕೊಂಡದ್ದೂ ಉಂಟು. ಆದರೆ ಇವತ್ತು ಹೇಳಬೇಕಾದ್ದು ಆ ಊರಿನಲ್ಲೇ. ಬೇರೆ ಕಥೆ ಹೇಳಿದರಾಯ್ತು ಅಂದುಕೊಂಡ, ಹುಡುಕಿದ, ಸಿಗಲಿಲ್ಲ. ಐವತ್ತೆರಡು ವರ್ಷ ಬದುಕಿ, ಇರುವುದು ಒಂದೇ ಕಥೆ ಅಂದರೆ ನಾಚಿಕೆಯ ಮಾತೇ.

ಪಾವಗಡದಲ್ಲಿಳಿದು ಹಿಡಿದ ಆಟೋ ಸೋಲಾರ್ ಫಲಕಗಳ ನಡುವಿನ ರಸ್ತೆಯಲ್ಲಿ ಬಹಳ ಹೊತ್ತು ಓಡಿತು. ಭಾಷಣದ ಆ ನೆಂಟ, ಅಪ್ಪನ ತಮ್ಮ, ಚಿಗಪ್ಪ ಅಡವಯ್ಯ ಕುರಿ ಮೇಯಿಸುತ್ತ ಬಂದು ಈ ಕಡೆಯೇ ನಿಂತುಬಿಟ್ಟಿದ್ದ. ಅವನ ಹಿಂದೆ ಓಡುತ್ತ ತಾನು ಮುಳ್ಳು ತುಳಿದ ಬಯಲು ಇದೇ ಇರಬೇಕು, ಈಗ ಗಾಜಿನ ಕೆಳಗೆ ಹೋಗಿತ್ತು. ಅಂಗಾಲಿನ ಜಾಲಿಮುಳ್ಳಿಗೆ ಯಾರೋ ಎಕ್ಕದ ಹಾಲು ಬಿಟ್ಟಿದ್ದರು. ಯಾರು? ಬಳೆ ತುಂಬ ಇದ್ದ ಕೈ. ಅಂಜಿನಮೂರ್ತಿ ಡಬ್ಬಿಯನ್ನು ಬ್ಯಾಗಿಗೆ ತುರುಕಿ ಜಿಪ್ ಎಳೆದ.

ಗೇಟಿನಲ್ಲೇ ಮುಖ್ಯೋಪಾಧ್ಯಾಯ ಸುರೇಶ್ ಕಾಯುತ್ತಿದ್ದರು. ನಲವತ್ತರ ಒಳಗಿನವರು, ಮಾತಿಗೆ ಮೊದಲು ನಗುವ ಮನುಷ್ಯ. ‘ಬನ್ನಿ ಸಾರ್, ಕಾರ್ಯಕ್ರಮ ಒಂಚೂರು ತಡ. ಬೀಳ್ಕೊಡುಗೆ ಯಾರದ್ದೋ ಅವರೇ ಸೌಟು ಬಿಟ್ಟು ಬರ್ತಿಲ್ಲ’ ಅಂದರು. ಶಾಲೆಯ ಅಡುಗೆಯಮ್ಮನಿಗೆ ಅರವತ್ತು ತುಂಬಿತ್ತು, ಇವತ್ತೇ ಕೊನೆಯ ದಿನ. ಅದನ್ನು ಫೋನಿನಲ್ಲೇ ಹೇಳಿದ್ದರು. ಹೇಳದೇ ಇದ್ದದ್ದನ್ನು ಈಗ ಹೇಳಿದರು. ‘ನಿಮ್ಮನ್ನ ಕರೀರಿ ಅಂದಿದ್ದೇ ಅವರು ಸಾರ್. ಮೊಮ್ಮಗಳ ಮೊಬೈಲಲ್ಲಿ ನಿಮ್ಮ ಭಾಷಣ ನೋಡಿದ್ರಂತೆ. ಆ ಹಸಿವಿನ ಕಥೆ ಇದ್ಯಲ್ಲ, ಅದು. ಎರಡು ಸಲ ಹಾಕಿಸ್ಕೊಂಡು ನೋಡಿದ್ರಂತೆ. ಇಪ್ಪತ್ತೊಂದು ವರ್ಷದಲ್ಲಿ ಏನೂ ಕೇಳಿದೋರಲ್ಲ, ಇದೊಂದು ಕೇಳಿದ್ರು.’

‘ಅವರ ಹೆಸರು?’ ಅಂದ ಅಂಜಿನಮೂರ್ತಿ. ಗೊತ್ತಿತ್ತು.

‘ಸರೋಜಮ್ಮ.’

ಬೆವರಿತು. ನೀರು ಕೊಡಲೇ ಸಾರ್ ಅಂದರು ಸುರೇಶ್. ಬೇಡ ಅಂದ. ಯಾಕೆ ಕರೆಸಿದ್ದಾಳೆ? ಊರ ಮುಂದೆ, ಮೈಕಿನ ಮುಂದೆ ನಿಲ್ಲಿಸಿ ಕೇಳುವುದಕ್ಕೇ? ಕೇಳಲಿ. ತಾನೇನು ಸುಳ್ಳು ಹೇಳಿದ್ದೇನೆಯೇ? ಹೊಟ್ಟೆಗಿಕ್ಕದವಳು ಅನ್ನುವ ಹೆಸರು ನೆಂಟರಿಷ್ಟರಲ್ಲೆಲ್ಲ ಅವಳಿಗೆ ಅಂಟಿದ್ದು ನಿಜ, ಮದುವೆ ಮುಂಜಿಯಲ್ಲಿ ಅವಳ ಕೈಗೆ ಸೌಟು ಕೊಡುವಾಗ ಹೆಂಗಸರು ಕಣ್ಣಲ್ಲೇ ನಗುತ್ತಿದ್ದರಂತೆ, ಅಪ್ಪ, ಅವಳ ಗಂಡ ಚಿಗಪ್ಪ ಇಬ್ಬರೂ ಸಾಯುವ ತನಕ ಒಬ್ಬರೊಡನೊಬ್ಬರು ಮಾತು ಬಿಟ್ಟೇ ಹೋದರು. ಅದಕ್ಕೆಲ್ಲ ಒಂಬತ್ತು ವರ್ಷದ ಹುಡುಗ ಹೊಣೆಯೇ? ಹೀಗೆ ತನ್ನ ಪರ ತಾನೇ ವಕೀಲಿಕೆ ಮಾಡುತ್ತ, ಸುರೇಶ್ ಹಾಕಿಕೊಟ್ಟ ಕುರ್ಚಿಯಲ್ಲಿ ಕೂತ. ಎದುರಿಗೆ ಜಗಲಿಯುದ್ದಕ್ಕೂ ಮಕ್ಕಳು ಸಾಲಾಗಿ ಕೂತು ಬೆಳಗಿನ ಚಿತ್ರಾನ್ನ ತಿನ್ನುತ್ತಿದ್ದವು.

ಆ ತುದಿಯಿಂದ ಒಬ್ಬ ಹೆಂಗಸು ಬೋಗುಣಿ ಸೊಂಟಕ್ಕಿಟ್ಟುಕೊಂಡು ಬರುತ್ತಿದ್ದಳು. ಕುಳ್ಳಗೆ, ತೆಳ್ಳಗೆ, ತಲೆ ಪೂರ್ತಿ ನೆರೆತಿತ್ತು. ಇಷ್ಟು ಸಣ್ಣವಳೇ ಅನ್ನಿಸಿತು ಅವನಿಗೆ. ನೆನಪಿನಲ್ಲಿದ್ದವಳು ಬಾಗಿಲ ತುಂಬ ನಿಲ್ಲುತ್ತಿದ್ದಳು. ಪ್ರತಿ ಮಗುವಿನ ಮುಂದೆಯೂ ಬಗ್ಗಿ, ಸೌಟು ಎತ್ತಿ, ಕೇಳುತ್ತಿದ್ದಳು.

‘ಸಾಲಾ?’

‘ಹೂಂ.’

ಸೌಟು ಬೋಗುಣಿಗೆ ವಾಪಸು ಹೋಯಿತು, ಹೆಂಗಸು ಮುಂದೆ ಹೋದಳು.

‘ಸಾಲಾ?’

‘ಇನ್ನೊಂಚೂರು ಅಜ್ಜೀ.’ ಒಂದು ಸೌಟು ಬಿತ್ತು.

‘ಸಾಲಾ?’

‘ಹೂಂ.’ ಸೌಟು ವಾಪಸು.

ಅಂಜಿನಮೂರ್ತಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಸಾಲು ಅಂದರೆ ತೆಲುಗಿನಲ್ಲಿ ಸಾಕು. ಓದಿದವರು ಚಾಲು ಅನ್ನುತ್ತಾರೆ, ಈ ಗಡಿ ಕಡೆಯ ಬಾಯಲ್ಲಿ ಅದು ಸಾಲು. ಸಾಲಾ ಅಂದರೆ ಸಾಕಾ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಮೂವತ್ತು ವರ್ಷದಿಂದ ಪಾವಗಡದ ಹೋಟೆಲುಗಳಲ್ಲಿ ತಾನೇ ಎಲೆಗೆ ಕೈ ಅಡ್ಡ ಹಿಡಿದು ‘ಸಾಲು ಸಾಲು’ ಅಂದವನು. ಅಷ್ಟೇ ವರ್ಷದಿಂದ ತರಗತಿಯಲ್ಲಿ ನಿಷೇಧಾರ್ಥಕ ರೂಪಕ್ಕೆ ಉದಾಹರಣೆ ಕೊಡುತ್ತ, ಸಾಲು ಎಂಬ ಧಾತು, ಸಾಲದು ಎಂದರೆ ಸಾಕಾಗದು, ಎಂದು ಬೋರ್ಡಿನ ಮೇಲೆ ಬರೆದವನು. ಅದೂ ಗೊತ್ತು, ಇದೂ ಗೊತ್ತು. ಗಂಗಳದ ಮುಂದೆ ಕೂತ ಆ ಹುಡುಗನ ಹತ್ತಿರಕ್ಕೆ ಮಾತ್ರ ಈ ಎರಡರಲ್ಲಿ ಒಂದೂ ಹೋಗಿರಲಿಲ್ಲ. ಅಲ್ಲಿ ಆಕೆ ಯಾವತ್ತೂ ಸಾಲ್ದಾ ಅಂತಲೇ ಕೇಳುತ್ತ ನಿಂತಿದ್ದಳು, ತುಟಿ ಕೊಂಕಿಸಿಕೊಂಡು. ಕೊಂಕಿಸಿದ ತುಟಿ ಎಲ್ಲಿಂದ ಬಂತು? ಈಗ ನೋಡಿದರೆ ಅಲ್ಲಿ ನಿಂತಿದ್ದವಳು ಹದಿನೇಳು ವರ್ಷದ ಹುಡುಗಿ. ಮದುವೆಯಾಗಿ ಮೂರು ತಿಂಗಳು, ಆಂಧ್ರದ ಮಡಕಶಿರಾದ ಕಡೆಯಿಂದ ಬಂದವಳು, ಕನ್ನಡ ಒಂದಕ್ಷರ ಬಾರದು. ಗಂಡ ಕತ್ತಲಾಗುವ ತನಕ ಕುರಿಯ ಹಿಂದೆ. ಮನೆಯಲ್ಲಿ ತನ್ನಷ್ಟೇ ಹೆದರಿದ ಒಂದು ಹುಡುಗ. ಸಾಕೇನಪ್ಪಾ ಅಂತ ಕೇಳಿದ್ದಾಳೆ. ಹುಡುಗ ಹೂಂ, ಸಾಕು, ಅಂದಿದ್ದಾನೆ. ಎರಡು ಹೊತ್ತು, ಇಪ್ಪತ್ತು ದಿನ. ಬಲವಂತ ಮಾಡಿದರೆ ಮಗು ಅತ್ತುಬಿಟ್ಟೀತು ಅಂದುಕೊಂಡಿರಬೇಕು. ಅಯ್ಯೋ, ಎಂಥಾ ಪೆದ್ದು ಕೆಲಸ. ಅವನಿಗೆ ನಗು ಬಂತು.

ಮತ್ತು ಕಡಲೆಕಾಯಿ. ಅದನ್ನು ಮರೆತಿದ್ದೆ ಅಂತ ಹೇಳಿಕೊಳ್ಳಲು ಹೋದ, ಮನಸ್ಸು ಒಪ್ಪಲಿಲ್ಲ. ಮರೆತಿರಲಿಲ್ಲ, ಭಾಷಣದಿಂದ ತೆಗೆದುಹಾಕಿದ್ದ, ಏಕೆಂದರೆ ಅದು ಇದ್ದರೆ ಕಥೆ ನಿಲ್ಲುತ್ತಿರಲಿಲ್ಲ. ಐದನೆಯದೋ ಆರನೆಯದೋ ದಿನ, ಹಸಿವು ತಡೆಯಲಾರದೆ ಬಿತ್ತನೆಗಿಟ್ಟ ಕಡಲೆಕಾಯಿ ಚೀಲಕ್ಕೆ ಕೈ ಹಾಕಿ, ಬಾಯಿ ತುಂಬಿಕೊಂಡು ಮೂಲೆಯಲ್ಲಿ ಕೂತಿದ್ದ. ಅವಳು ಬಂದುಬಿಟ್ಟಳು. ಅಗಿಯುವುದನ್ನು ನಿಲ್ಲಿಸಿ, ಕೆನ್ನೆ ಉಬ್ಬಿಸಿಕೊಂಡು, ಏಟಿಗೆ ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಹುಡುಗನಿಗೆ ಕಡಲೆಕಾಯಿ ಅಂದರೆ ಆಸೆ ಅಂದುಕೊಂಡಳು. ಮಾರನೆಯ ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಬಿಸಿಬಿಸಿ ಹುರಿದು, ಅವನ ಚಡ್ಡಿ ಜೇಬಿಗೆ ತಾನೇ ತುಂಬಿ, ಸುಡುತ್ತಾ ಅಂತ ಮೇಲಿನಿಂದ ತಟ್ಟಿ ನೋಡಿ ಕುರಿಯ ಹಿಂದೆ ಕಳಿಸುತ್ತಿದ್ದಳು. ಆ ಬಿಸಿ ಈಗ ತೊಡೆಗೆ ತಾಕಿತು. ಸಿಪ್ಪೆ ಬಿಸಾಡಲು ಭಯ, ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಹಸಿಬಾಣಂತಿ ಹೊನ್ನಕ್ಕ ಕೂಸನ್ನು ಎತ್ತಿಕೊಂಡು ಬಂದವಳು ಮಗನ ಮೂಳೆ ಮುಟ್ಟಿ ನೋಡಿ, ಏನಾಯ್ತು ಅಂತ ಕೇಳಿ, ಸಾಲ್ದಾ ಅಂತಾಳೆ, ಹೂಂ ಅಂದ್ರೆ ಎತ್ಕೊಂಡೋಗ್ತಾಳೆ ಅನ್ನುವುದನ್ನು ಕೇಳಿ, ಜೇಬಿಗೆ ಕೈ ಹಾಕಿದಾಗ ಬಂದದ್ದು ಆ ಸಿಪ್ಪೆ. ‘ನೋಡ್ರಪ್ಪಾ, ನನ್ ಮಗಂಗೆ ಕಡ್ಲೇಕಾಯ್ ಸಿಪ್ಪೆ ತಿನ್ಸವ್ಳೆ ಈ ಮಾರಾಯ್ತಿ’ ಅಂತ ಬೀದಿಯಲ್ಲಿ ನಿಂತು ಎಲ್ಲರಿಗೂ ತೋರಿಸಿದಳು. ಬಾಗಿಲಲ್ಲಿ ನಿಂತ ಹುಡುಗಿಗೆ ಒಂದು ಮಾತೂ ಅರ್ಥವಾಗಲಿಲ್ಲ. ಅವಳು ಹುಡುಗನ ಮುಖ ನೋಡಿದಳು, ನೀನಾದರೂ ಹೇಳು ಅನ್ನುವ ಹಾಗೆ. ಹುರಿದುಕೊಟ್ಟಳು ಅವ್ವಾ, ಸಿಪ್ಪೆ ನಾನೇ ಇಟ್ಟುಕೊಂಡದ್ದು ಅಂತ ಒಂದು ಮಾತು. ಹುಡುಗ ಹೇಳಲಿಲ್ಲ. ಇಪ್ಪತ್ತು ದಿನದ ಮೇಲೆ ಅವ್ವ ಅವುಚಿಕೊಂಡಿದ್ದಳು, ಹಾಲಿನ ವಾಸನೆ ಬರುತ್ತಿತ್ತು, ಹೇಳಿದರೆ ಕೈ ಸಡಿಲವಾದೀತು ಅನ್ನಿಸಿತು. ಮುಖವನ್ನು ಸೆರಗಿನಲ್ಲಿ ಹುದುಗಿಸಿಕೊಂಡ. ತೆಲುಗು ಬಾರದ್ದು ತಪ್ಪಲ್ಲ. ಇದು ತಪ್ಪು.

ಜಗಲಿಯಲ್ಲಿ ಸೌಟು ಅವನ ನೇರಕ್ಕೆ ಬಂದಿತ್ತು. ಎರಡು ಜಡೆಯ ಒಂದು ಸಣ್ಣ ಹುಡುಗಿ ‘ಹೂಂ’ ಅಂತ ತಲೆಯಾಡಿಸಿದಳು. ಸರೋಜಮ್ಮ ಎರಡು ಹೆಜ್ಜೆ ಮುಂದೆ ಹೋದವಳು ನಿಂತಳು, ಹಿಂದೆ ಬಂದಳು, ಬಗ್ಗಿ ಆ ಹುಡುಗಿಯ ತಟ್ಟೆಗೆ ಇನ್ನೂ ಒಂದು ಸೌಟು ಹಾಕಿ, ಏನೂ ಆಗಿಲ್ಲವೆಂಬ ಹಾಗೆ ಹೊರಟುಹೋದಳು. ಹುಡುಗಿ ಗಬಗಬನೆ ತಿನ್ನತೊಡಗಿದಳು.

‘ಆ ಹುಡುಗಿ ಸಾಕು ಅಂದಳಲ್ಲ?’ ಅಂದ ಅಂಜಿನಮೂರ್ತಿ.

ಸುರೇಶ್ ನಕ್ಕರು. ‘ಬಾಯಿಗೆ ಕೇಳ್ತಾರೆ ಸಾರ್, ಆದ್ರೆ ನೋಡೋದು ಕೈನ. ಹೊಟ್ಟೆ ತುಂಬಿದ ಮಗು ಬೆರಳು ಸುಮ್ನಿರುತ್ತಂತೆ, ಹಸಿದಿರೋ ಮಗು ಬೆರಳು ತಟ್ಟೆ ಒರೆಸ್ತಿರುತ್ತಂತೆ. ಹೊಸದಾಗಿ ಬಂದ ಅಡುಗೆಯವ್ರಿಗೂ ಮೊದಲು ಅದನ್ನೇ ಹೇಳಿಕೊಡ್ತಾರೆ. ಹೊರಗಿಂದ ಕೆಲಸಕ್ಕೆ ಬಂದೋರ ಮಕ್ಕಳು ಇದಾವೆ, ಕೆಲವಕ್ಕೆ ಕನ್ನಡವೂ ಬರಲ್ಲ, ತೆಲುಗೂ ಬರಲ್ಲ. ಒಂದೂ ಹಸಿದು ಮನೆಗೆ ಹೋಗಿಲ್ಲ ಇಲ್ಲಿಂದ.’

ಎಲ್ಲಿ ಕಲಿತರು ಅಂತ ಅಂಜಿನಮೂರ್ತಿಗೆ ಹೊಳೆಯಿತು. ತನ್ನ ಬೆರಳುಗಳನ್ನು ನೋಡಿಕೊಂಡ.

ಮೈಕು ಕಿರುಚಿ ಸರಿಹೋಯಿತು. ವೇದಿಕೆಯ ಮೇಲೆ ಸರೋಜಮ್ಮನನ್ನು ಕೂರಿಸಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೂರು ಕುರ್ಚಿ ಆಚೆ ಕೂತಿದ್ದ ಅಂಜಿನಮೂರ್ತಿ ಆ ಕಡೆ ತಿರುಗಲಿಲ್ಲ. ಸರೋಜಮ್ಮ ಒಂದು ಸಲ ಅವನ ಕಡೆ ನೋಡಿದ್ದು ಕೆನ್ನೆಗೆ ಗೊತ್ತಾಯಿತು. ‘ಮಾನ್ಯರು ತಮ್ಮ ಬಾಲ್ಯದ ಹಸಿವಿನ ಕಥೆಯನ್ನು ನಮ್ಮ ಮಕ್ಕಳಿಗೂ ಹೇಳಬೇಕು’ ಅಂತ ಸುರೇಶ್ ಕೋರಿಕೊಂಡರು. ಚಪ್ಪಾಳೆ ಆಗಲೇ ಬಂತು. ಎದ್ದ. ನಾಲಿಗೆ ತಾನಾಗಿಯೇ ಹಳೆಯ ದಾರಿ ಹಿಡಿಯಿತು, ಅಪ್ಪ, ಮಂದೆ, ಹೆರಿಗೆ, ನೆಂಟರ ಮನೆ. ಸಾಲ್ದಾ ಅನ್ನುವಲ್ಲಿಗೆ ಬಂದು ನಿಂತ. ಎಂದಿನ ಸುಮ್ಮನಿರುವ ಜಾಗ ಇದಲ್ಲ, ಇನ್ನೂ ಮುಂದಿತ್ತು. ಮಕ್ಕಳು ಕಾದವು. ‘ಅವರು ಅದನ್ನ ಕೇಳಿರಲಿಲ್ಲ’ ಅಂದ. ‘ಸಾಲಾ ಅಂತ ಕೇಳಿದ್ದು. ನಿಮಗೆಲ್ಲ ಗೊತ್ತಲ್ಲ ಹಂಗಂದ್ರೇನು ಅಂತ.’ ಮಕ್ಕಳೆಲ್ಲ ಒಟ್ಟಿಗೆ ‘ಸಾಕಾಆ’ ಅಂದವು. ಒಂದು ಕ್ಷಣ ಬಿಟ್ಟು ಎರಡು ಜಡೆಯ ಹುಡುಗಿಗೆ ಮೊದಲು ಹೊಳೆದು ಕಿಸಕ್ಕನೆ ನಕ್ಕಳು, ಆಮೇಲೆ ಎಲ್ಲ ಮಕ್ಕಳೂ ಬಿದ್ದುಬಿದ್ದು ನಕ್ಕವು. ಇನ್ನೂರು ಶಾಲೆಯಲ್ಲಿ ಅಳಿಸಿದ ಕಥೆಗೆ ಈ ಶಾಲೆಯಲ್ಲಿ ನಗು. ಅವನು ನಿಂತು ಆ ನಗುವನ್ನು ಮೈಮೇಲೆ ಹಾಕಿಕೊಂಡ, ಅವಮಾನವಾಯಿತು, ಹಾಯೆನ್ನಿಸಿತು ಕೂಡ. ಕಡಲೆಕಾಯಿಯ ವಿಷಯ ಹೇಳಿದ, ಜೇಬು ಸುಡುತ್ತಿದ್ದುದನ್ನು ಹೇಳಿದ, ಸಿಪ್ಪೆ ಹೊರಗೆ ಬಂದಾಗ ಬಾಯಿ ಬಿಡದೆ ನಿಂತದ್ದನ್ನೂ ಹೇಳಿದ. ‘ಹಸಿವು ನನ್ನನ್ನ ಓದಿಸಲಿಲ್ಲ ಮಕ್ಕಳೇ. ಕುರಿ ಹಿಂದೆ ಆ ಕಡಲೆಕಾಯಿ ತಿಂದ್ಕೊಂಡೇ ನಾನು ಮಗ್ಗಿ ಕಲ್ತದ್ದು. ಅದನ್ನ ಕೊಟ್ಟೋರ ಹೆಸರನ್ನ ನಲವತ್ತಮೂರು ವರ್ಷ ಕೆಡಿಸಿದೆ. ಅವರು ಇಲ್ಲೇ ಕೂತಿದಾರೆ’ ಅಂತ ಕೊನೆಗೆ ತಿರುಗಿದ.

ಕುರ್ಚಿಯ ಮೇಲೆ ಶಾಲು ಇತ್ತು, ಹಣ್ಣಿನ ಬುಟ್ಟಿ ಇತ್ತು. ಸರೋಜಮ್ಮ ಇರಲಿಲ್ಲ.

‘ಮುದ್ದೆಗೆ ಹಿಟ್ಟು ಹಾಕಿದ್ರಂತೆ, ತಿರುವೋರಿಲ್ಲ ಅಂತ ಆಗಲೇ ಎದ್ದೋದ್ರು ಸಾರ್’ ಅಂತ ಸುರೇಶ್ ಕಿವಿಯಲ್ಲಿ ಹೇಳಿದರು. ‘ಅಪ್ಪ, ಮಂದೆ ಅಂದ್ರಲ್ಲ, ಆವಾಗ್ಲೇ.’

ಅಂಜಿನಮೂರ್ತಿ ಕೂತ. ಹೇಳಬೇಕಾದವಳು ಒಬ್ಬಳು, ಅವಳನ್ನು ಬಿಟ್ಟು ಊರಿಗೆಲ್ಲ ಹೇಳಿದ್ದಾಯಿತು. ಹಳೇ ಕಥೆಯನ್ನೇ ಮತ್ತೆ ಶುರುಮಾಡಿದ ಅಂದುಕೊಂಡು ಎದ್ದಿರಬೇಕು. ಮುಂದಿನ ಅರ್ಧ ಗಂಟೆ ಯಾರು ಏನು ಮಾತಾಡಿದರೋ ಕೇಳಿಸಲಿಲ್ಲ. ಅತಿಥಿಗಳಿಗೆ ಆಫೀಸಿನಲ್ಲಿ ಟೇಬಲ್ ಹಾಕಿದ್ದರು. ಬೇಡವೆಂದು ಹೋಗಿ ಜಗಲಿಯಲ್ಲಿ ಮಕ್ಕಳ ಸಾಲಿನ ಕೊನೆಗೆ ಮಂಡಿ ಮಡಿಸಿ ಕೂತ. ಪ್ಯಾಂಟು ಬಿಗಿಯಿತು. ಬ್ಯಾಗು ಪಕ್ಕದಲ್ಲಿತ್ತು, ಒಳಗೆ ಡಬ್ಬಿ, ಡಬ್ಬಿಯೊಳಗೆ ಅವ್ವನ ಆಣೆ. ಅವ್ವನಿಗೆ ಇದನ್ನೆಲ್ಲ ಯಾವ ಬಾಯಲ್ಲಿ ಹೇಳುವುದು? ಮಗನಿಗಾಗಿ ಬೀದಿಯಲ್ಲಿ ನಿಂತು ಕೂಗಿದವಳಿಗೆ ಮಗನೇ ಬಾಯಿ ಮುಚ್ಚಿಕೊಂಡಿದ್ದ ಅಂತ ಹೇಗೆ ಹೇಳುವುದು?

ತಟ್ಟೆಗೆ ಮುದ್ದೆ ಬಿತ್ತು, ಹುರುಳಿ ಸಾರು ಬಿತ್ತು. ಹಬ್ಬದೂಟ ಬೇಡ, ಮುದ್ದೆ ಹುರುಳಿ ಸಾರೇ ಆಗಬೇಕು ಅಂತ ಸರೋಜಮ್ಮ ಹಟ ಹಿಡಿದಿದ್ದರಂತೆ. ಅವನು ತಲೆಯೆತ್ತಲಿಲ್ಲ. ಮೊದಲ ತುತ್ತು ಸಾರಿಗದ್ದಿ ನುಂಗಿದಾಗ ಬೆಳ್ಳುಳ್ಳಿ ಒಗ್ಗರಣೆಯ ಅದೇ ರುಚಿ, ಇಪ್ಪತ್ತು ದಿನದ ರುಚಿ. ಇಷ್ಟು ಚೆನ್ನಾಗಿತ್ತು ಅನ್ನುವುದನ್ನೂ ತಾನು ಯಾರಿಗೂ ಹೇಳಿರಲಿಲ್ಲವಲ್ಲ ಅನ್ನಿಸಿತು. ಮುದ್ದೆ ಮುಗಿಯಿತು. ಬಳೆಯ ಸದ್ದಾಯಿತು. ಎರಡೇ ಬಳೆ ಈಗ. ಕಪ್ಪು ಹಿಡಿದ ಸಣ್ಣ ಪಾದಗಳು ತಟ್ಟೆಯ ಆಚೆ ಬಂದು ನಿಂತವು.

‘ಸಾಲಾ?’

ಚಿಗವ್ವಾ ಅನ್ನಬೇಕು. ತಪ್ಪಾಯ್ತು ಅನ್ನಬೇಕು. ಎದ್ದು ಕಾಲು ಹಿಡಿಯಬೇಕು, ಮಂಡಿ ಮರಗಟ್ಟಿತ್ತು. ವೇದಿಕೆಯ ಮೇಲೆ ಅಷ್ಟೊಂದು ಮಾತಾಡಿದ ಬಾಯಿ, ಇನ್ನೂರು ಶಾಲೆ ಅಳಿಸಿದ ಬಾಯಿ, ತೆರೆಯಿತು. ಅದರಿಂದ ಬಂದದ್ದು ಒಂದೇ.

‘ಹೂಂ.’

ಪಾದಗಳು ಕದಲಲಿಲ್ಲ. ಅವನು ಕಾದ. ಆಮೇಲೆ ನೋಡಿಕೊಂಡರೆ ತನ್ನ ತೋರುಬೆರಳು ಖಾಲಿ ತಟ್ಟೆಯ ಅಂಚನ್ನು ಒರೆಸುತ್ತಿತ್ತು, ಯಾವಾಗ ಶುರುಮಾಡಿತೋ ಗೊತ್ತಿಲ್ಲ. ಬಿಸಿ ಮುದ್ದೆ ತಟ್ಟೆಗೆ ಬಿತ್ತು, ಸಾರು ಬೆರಳಿಗೆ ಸಿಡಿಯಿತು.

‘ತಿನ್ನು ನಾಯನಾ’ ಅಂದಳು ಸರೋಜಮ್ಮ, ಮಗುವನ್ನು ಕರೆಯುವ ಹಾಗೆ. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಅಲ್ಲಲ್ಲಿ ತೆಲುಗು ಇಣುಕುತ್ತಿತ್ತು. ‘ನಿನ್ನ ಹೂಂ ನಂಬ್ಕೊಂಡು ಒಂದ್ಸಲ ಕೆಟ್ಟಿದೀನಿ. ಇನ್ನ ನಂಬಲ್ಲ ನಾನು.’

ತಲೆಯೆತ್ತಿದ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಎಂದೋ ತಿಳಿದುಕೊಂಡಿದ್ದಳು ಹಾಗಾದರೆ. ಕನ್ನಡ ಕಲಿತ ವರ್ಷವೇ ತಿಳಿದಿರಬೇಕು. ತಿಳಿದೂ ಒಂದು ಮಾತು ಹೇಳಿ ಕಳಿಸದೆ, ಕಂಡವರ ಮಕ್ಕಳ ಬೆರಳು ನೋಡುತ್ತ ಇಪ್ಪತ್ತೊಂದು ವರ್ಷ ಸೌಟು ಹಿಡಿದು ನಿಂತಿದ್ದಳು, ಕೊನೆಯ ದಿನ ಉಳಿದ ಒಂದು ತಟ್ಟೆಯನ್ನು ಕರೆಸಿಕೊಂಡಿದ್ದಳು. ಅಂಜಿನಮೂರ್ತಿ ಮುದ್ದೆ ಮುರಿದ. ಕಣ್ಣೀರು ಸಾರಿಗೆ ಬೀಳುತ್ತಿತ್ತು, ಪಕ್ಕದ ಮಗು ಅವನನ್ನೇ ನೋಡುತ್ತಿತ್ತು, ನೋಡಲಿ ಅಂತ ಬಿಟ್ಟ. ಸಂಜೆ ಹೋಗಿ ಅವ್ವನ ಮುಂದೆ ಡಬ್ಬಿ ಇಡಬೇಕು, ಮುಚ್ಚಳ ತೆಗೆಯದ ಡಬ್ಬಿ. ಯಾಕ್ಲಾ ತಿನ್ನಲಿಲ್ಲ ಅಂತ ಕೇಳುತ್ತಾಳೆ. ಹೇಳಬೇಕು. ಮೊದಲು ಇದನ್ನು ಉಣ್ಣಬೇಕು.

‘ಚಿಗವ್ವ’ ಅಂದ ಬಾಯಿ ತುಂಬಿಕೊಂಡು. ‘ಇನ್ನೊಂಚೂರು ಸಾರು.’